ಕಲೆಕ್ಟರಿನಲ್ಲಿ ಏಳು ವೋಲ್ಟ್

ಬಸ್ ನಿಲ್ದಾಣದ ಆಂಪ್ಲಿಫೈಯರ್ ಮೂರನೇ ಸಲ ವಾಪಸ್ ಬಂದ ದಿನ, ರೇಡಿಯೋ ರಿಪೇರಿ ಅಂಗಡಿಯ ಬಾಗಿಲು ಎಳೆದುಕೊಂಡು ಮನೆಗೆ ಹೋಗಿ ಮಲಗಿಬಿಡೋಣ ಅನ್ನಿಸಿತು ಮೇಸ್ತ್ರಿಗೆ. ಅದನ್ನು ಹೊತ್ತು ತಂದವಳು ನಿಲ್ದಾಣದಲ್ಲಿ ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆ ಎಂದು ಮೈಕಿನಲ್ಲಿ ಹೇಳುವ ಹೆಂಗಸು. ಡ್ರೈವರುಗಳಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರೂ ಅವಳನ್ನು ಮೈಕಮ್ಮ ಅಂತಲೇ ಕರೆಯುತ್ತಿದ್ದರು. ಹಳೇ ದುಪ್ಪಟಿಯಲ್ಲಿ ಸುತ್ತಿದ ಪೆಟ್ಟಿಗೆಯನ್ನು ಕೂಸಿನ ಹಾಗೆ ಸೊಂಟಕ್ಕಿಟ್ಟುಕೊಂಡು, ಚಪ್ಪಲಿ ಅಂಗಡಿಯ ಪಕ್ಕದ ಇಕ್ಕಟ್ಟು ಮೆಟ್ಟಿಲು ಹತ್ತಿ ಬಂದಿದ್ದಳು. ಮೇಜಿನ ಮೇಲೆ ಇಳಿಸಿ, ಉಸಿರು ಸುಧಾರಿಸಿಕೊಂಡಳು.

ಆಮೇಲೆ ಹೇಳಿದಳು. ಮೈಕಿನಲ್ಲಿ ಮಾತಾಡಿದರೆ ಒಡಕು ಮಡಕೆ ಬಡಿದ ಹಾಗೆ ಕೇಳುತ್ತದಂತೆ. ಆರು ಅಂದರೆ ಏಳೋ, ಏಳು ಅಂದರೆ ಆರೋ ಜನಕ್ಕೆ ತಿಳಿಯುತ್ತಿಲ್ಲ. ಹಿಂದಿನ ದಿನ ಒಬ್ಬಳು ಮುದುಕಿ ಏಳನೇ ಅಂಕಣದಲ್ಲಿ ಒಂದು ಗಂಟೆ ಕೂತೇ ಇದ್ದಳಂತೆ. ಅವಳ ಬಸ್ಸು ಆರರಿಂದ ಹೊರಟುಹೋಗಿತ್ತು. ಆಸ್ಪತ್ರೆಯಲ್ಲಿದ್ದ ಅಕ್ಕನನ್ನು ನೋಡಲು ಹೊರಟವಳು, ನೋಡುವ ಸಮಯ ಮುಗಿಯಿತಲ್ಲ ಎಂದು ಬೈಯದೆ, ಅಳದೆ ಸುಮ್ಮನೆ ಮನೆಗೆ ವಾಪಸ್ ಹೋದಳಂತೆ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಅಂದಳು ಮೈಕಮ್ಮ. ಹದಿನೈದು ದಿನದಿಂದ ಅವಳು ಪ್ರತಿ ಬಸ್ಸಿಗೂ ಅಂಕಣದಿಂದ ಅಂಕಣಕ್ಕೆ ಓಡಿ ಬಾಯಲ್ಲೇ ಕೂಗುತ್ತಿದ್ದಳು. ಗಂಟಲು ಕಟ್ಟಿ ಮಾತು ಗೊಗ್ಗರಾಗಿತ್ತು.

ಮೇಸ್ತ್ರಿ ಪೆಟ್ಟಿಗೆಗೆ ಕರೆಂಟು ಕೊಟ್ಟು, ತನ್ನ ಮೈಕು ಸಿಕ್ಕಿಸಿ, ಒಂದು ಎರಡು ಮೂರು ಎಂದು ಹೇಳಿದ. ಗೋಡೆಗೆ ಒರಗಿಸಿದ್ದ ಸ್ಪೀಕರಿನಿಂದ ದನಿ ಬಂತು. ಜೋರಾಗಿಯೇ ಬಂತು. ಅವನು ತಲೆ ಆಡಿಸಿ, ಸರಿಯಾಗೇ ಇದೆಯಲ್ಲ ಅನ್ನುವ ಹಾಗೆ ಅವಳ ಕಡೆ ನೋಡಿದ. ಮೈಕಮ್ಮ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದಳು.

"ಮೇಸ್ತ್ರಿ, ಇದು ನಿಮಗೆ ನಿಜವಾಗ್ಲೂ ಸರಿಯಾಗಿ ಕೇಳಿಸ್ತಿದೆಯಾ?"

ಕೇಳಿಸ್ತಿದೆ, ನಿಮ್ಮ ಸ್ಪೀಕರಿನಲ್ಲೇ ಏನೋ ಐಬು ಇರಬೇಕು ಅಂದ ಅವನು. ಸ್ಪೀಕರನ್ನೂ ಹೋದ ವಾರವೇ ಬದಲಾಯಿಸಿದ್ದಾಗಿದೆ ಎಂದು ಅವಳು ಹೇಳಿದಳು. ಬಿಟ್ಟು ಹೋಗಿ, ನೋಡುತ್ತೇನೆ ಅಂದ. ಅವಳು ದುಪ್ಪಟಿಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಇಳಿದುಹೋದಳು.

ತಮಾಷೆ ಏನೆಂದರೆ ಊರಿನಲ್ಲಿ ಅವನಿಗಿದ್ದ ಅಡ್ಡಹೆಸರೇ ಕಿವಿ ಮೇಸ್ತ್ರಿ. ಮೂವತ್ತಾರು ವರ್ಷ ಅವನು ರಿಪೇರಿ ಮಾಡಿದ್ದು ಕಿವಿಯಿಂದ. ಸ್ಕ್ರೂಡ್ರೈವರಿನ ತುದಿಯನ್ನು ಒಂದೊಂದೇ ಜಾಗಕ್ಕೆ ಮುಟ್ಟಿಸುತ್ತಾ ಹೋಗುವನು. ಸ್ಪೀಕರು ಗುಂಯ್ ಅಂದರೆ ಅಲ್ಲಿಂದ ಮುಂದೆ ಸರಿ, ಅನ್ನದಿದ್ದರೆ ಕೆಡುಕು ಅಲ್ಲೇ. ಗುಂಯ್‌ಕಾರದಲ್ಲೂ ಅವನಿಗೆ ಹತ್ತು ಬಗೆ ಗೊತ್ತಿತ್ತು: ಒಣಗಿದ ಕಂಡೆನ್ಸರಿನದು ಒಂದು, ಬಿಟ್ಟುಕೊಂಡ ಬೆಸುಗೆಯದು ಇನ್ನೊಂದು. ಮೀಟರೊಂದು ಅಂಗಡಿಯಲ್ಲಿತ್ತು ನಿಜ, ಆದರೆ ಅದು ಕರೆಂಟು ಬಂದಿದೆಯೇ ಇಲ್ಲವೇ ಎಂದು ನೋಡುವುದಕ್ಕೆ ಮಾತ್ರ.

ಆ ಕಿವಿ ಈಗ ಹೋಗಿತ್ತು. ಒಂದೇ ದಿನಕ್ಕೆ ಹೋದದ್ದಲ್ಲ. ಮೊದಲು ಕೋಗಿಲೆ ಹೋಯಿತು, ಆಮೇಲೆ ಬಾಗಿಲ ಗಂಟೆ ಹೋಯಿತು, ಆಮೇಲೆ ಮಾತಿನಲ್ಲಿ ಸ, ಶ, ತ ಎಲ್ಲ ಉದುರಿ ಬರೀ ಗೊಣಗಾಟ ಉಳಿಯಿತು. ಆರು ತಿಂಗಳ ಹಿಂದೆ ಹೆಂಡತಿಯ ಕಾಟಕ್ಕೆ ಕಿವಿ ಡಾಕ್ಟರ ಹತ್ತಿರ ಹೋಗಿದ್ದ. ದೊಡ್ಡ ಸದ್ದು ಕೇಳಿಸುತ್ತದೆ, ಸಣ್ಣ ತೆಳು ಸದ್ದು ಇನ್ನು ಬರುವುದಿಲ್ಲ ಎಂದಿದ್ದರು ಡಾಕ್ಟರು. ಯಂತ್ರ ಹಾಕಿಸಿಕೊಂಡರೂ ಶಬ್ದ ದೊಡ್ಡದಾಗುತ್ತದೆಯೇ ಹೊರತು ಮೊದಲಿನ ಹಾಗೆ ಬಿಡಿಬಿಡಿಯಾಗಿ ಕೇಳುವುದಿಲ್ಲವಂತೆ. ಆ ಚೀಟಿಯನ್ನು ಅವನು ಮಡಿಸಿ ಜೇಬಿನಲ್ಲಿಟ್ಟುಕೊಂಡವನು ಯಾರಿಗೂ ತೋರಿಸಲಿಲ್ಲ. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಹಾಗೆ ಕೆಲಸ ಮುಂದುವರಿಸಿದ. ಗಿರಾಕಿಗಳ ತುಟಿ ನೋಡಿ ಹೂಂಗುಟ್ಟುವುದು ಕಲಿತ. ದಿನವೆಲ್ಲ ಹಾಗೆ ಮುಖ ನೋಡಿ ನೋಡಿ, ಸಂಜೆಯಾಗುವಷ್ಟರಲ್ಲಿ ಮೂಟೆ ಹೊತ್ತವನ ಹಾಗೆ ದಣಿಯುತ್ತಿದ್ದ.

ಊಟದ ಹೊತ್ತಿಗೆ ಮನೆಗೆ ಹೋದಾಗ ಹೆಂಡತಿ ಅವನ ಮುಖ ನೋಡಿಯೇ ಬಸ್ ನಿಲ್ದಾಣದ ಪೆಟ್ಟಿಗೆ ಮತ್ತೆ ಬಂದಿದೆ ಎಂದು ತಿಳಿದುಕೊಂಡಳು. ಅವಳು ಜೋರಾಗಿ ಮಾತಾಡುವವಳಲ್ಲ. ಎದುರಿಗೆ ಕೂತು, ತುಟಿ ಕಾಣುವ ಹಾಗೆ ಹೇಳಿದಳು, ನಿಮ್ಮ ತಂಗಿಯನ್ನು ಕೇಳಿ ಎಂದು. ಅವನು ತಟ್ಟೆ ನೋಡುತ್ತಾ ಕೂತ. ಹೆಂಡತಿ ಎರಡನೇ ಸಲ ಹೇಳಲಿಲ್ಲ.

ತಂಗಿ ಅವನಿಗಿಂತ ಆರು ವರ್ಷಕ್ಕೆ ಚಿಕ್ಕವಳು. ತಾಂತ್ರಿಕ ಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಮೇಡಂ. ಅಪ್ಪ ತೀರಿಕೊಂಡಾಗ ಅಣ್ಣ ಶಾಲೆ ಬಿಟ್ಟು ರೇಡಿಯೋ ಅಂಗಡಿ ಸೇರಿದ, ಅವಳು ಓದಿದಳು. ಹದಿನೈದು ವರ್ಷದ ಹಿಂದೆ ಒಂದು ದಿನ ಅವಳು ಅಂಗಡಿಗೆ ಬಂದಾಗ ಅವನು ಒಂದೇ ಸೆಟ್ಟಿಗೆ ಮೂರನೇ ಟ್ರಾನ್ಸಿಸ್ಟರ್ ಹಾಕುತ್ತಿದ್ದ. ಇಬ್ಬರು ಗಿರಾಕಿಗಳ ಎದುರೇ ಅವಳು ಅಂದಿದ್ದಳು: ಮೊದಲು ವೋಲ್ಟೇಜ್ ಅಳೆದು ನೋಡಣ್ಣ, ಕುರುಡರು ಆನೆ ಮುಟ್ಟಿದ ಹಾಗೆ ಎಷ್ಟು ದಿನ ಮಾಡ್ತೀಯ. ಅವನು ನಿನ್ನದೆಲ್ಲ ಪುಸ್ತಕದ ಬದನೆಕಾಯಿ ಅಂದಿದ್ದ. ಅಷ್ಟಕ್ಕೇ ನಿಲ್ಲಿಸಿದ್ದರೆ ಇಬ್ಬರೂ ನಕ್ಕು ಮರೆಯುತ್ತಿದ್ದರೇನೋ. ನನ್ನ ಬೆವರಲ್ಲಿ ಓದಿದವಳು ನನಗೇ ಪಾಠ ಹೇಳಬೇಡ ಎಂದೂ ಅಂದುಬಿಟ್ಟ. ಅವಳು ಆ ಮೆಟ್ಟಿಲು ಮತ್ತೆ ಹತ್ತಲಿಲ್ಲ. ಮದುವೆಗೆ, ಸಾವಿಗೆ ಸಿಗುತ್ತಿದ್ದರು, ಹೇಗಿದ್ದೀಯ ಅಂದರೆ ಹೀಗಿದ್ದೀನಿ ಅನ್ನುತ್ತಿದ್ದರು.

ಮರುದಿನ ಮಧ್ಯಾಹ್ನ ಅವನು ಪೆಟ್ಟಿಗೆಯನ್ನು ಚೀಲದಲ್ಲಿ ಹಾಕಿಕೊಂಡು ತಾಂತ್ರಿಕ ಶಾಲೆಗೆ ಹೋದ. ತರಗತಿ ಮುಗಿದಿತ್ತು. ಉದ್ದನೆ ಕೋಣೆಯಲ್ಲಿ ಹನ್ನೆರಡು ಮೇಜು. ಪ್ರತಿ ಮೇಜಿನ ಮೇಲೂ ಗೋಜಲಾದ ವೈರುಗಳು. ತಂಗಿ ಒಬ್ಬಳೇ ಅವನ್ನು ಬಿಡಿಸಿ, ಕೆಂಪನ್ನು ಕೆಂಪಿಗೆ, ಕಪ್ಪನ್ನು ಕಪ್ಪಿಗೆ ಸೇರಿಸಿ ಮೊಳೆಗೆ ನೇತುಹಾಕುತ್ತಿದ್ದಳು. ಬೆಳಗ್ಗೆಯಿಂದ ನಿಂತು ನಿಂತು ಕಾಲು ಊದಿ, ಚಪ್ಪಲಿಯ ಪಟ್ಟಿ ಸಡಿಲ ಮಾಡಿಕೊಂಡಿದ್ದಳು. ಅಣ್ಣನನ್ನು ನೋಡಿ ಮೊದಲು ಕೇಳಿದ್ದು ಅತ್ತಿಗೆ ಹುಷಾರಾಗಿದ್ದಾರಾ ಎಂದು.

ಅವನು ಹೂಂ ಅಂದ. ದಾರಿಯುದ್ದಕ್ಕೂ ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದ. ಅದನ್ನೆಲ್ಲ ಬಿಟ್ಟು, ಜೇಬಿನಿಂದ ಡಾಕ್ಟರ ಚೀಟಿ ತೆಗೆದು ಅವಳ ಕೈಗೆ ಕೊಟ್ಟ. ಅವಳು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು, ಹಿಂದೆ ತಿರುಗಿಸಿ ತಾರೀಕು ನೋಡಿದಳು.

"ಆರು ತಿಂಗಳಾಯ್ತಲ್ಲೋ ಅಣ್ಣ," ಅಂದಳು.

"ಯಾರಿಗಂತ ಹೇಳಲಿ," ಅಂದ ಅವನು. "ಕಿವಿ ಮೇಸ್ತ್ರಿಗೆ ಕಿವುಡು ಅಂದ್ರೆ ನಗೋದಿಲ್ವಾ ಜನ."

ಅವಳು ನಗಲಿಲ್ಲ. ಮೇಜಿನ ಒಂದು ಮೂಲೆ ಖಾಲಿ ಮಾಡಿ ಪೆಟ್ಟಿಗೆ ಇಡಲು ಜಾಗ ಕೊಟ್ಟಳು. ತಾನೇ ಅಳೆದಿದ್ದರೆ ಹತ್ತು ನಿಮಿಷದ ಕೆಲಸ. ಅವಳಿಗೆ ಅಷ್ಟು ಸುಸ್ತಾಗಿತ್ತು, ಹಾಗೆ ಮಾಡಿ ಕಳಿಸಿಬಿಡಲೇ ಎಂದು ಅನ್ನಿಸಿತಂತೆ. ಇದನ್ನು ಬಹಳ ದಿನದ ಮೇಲೆ ಅತ್ತಿಗೆಯ ಹತ್ತಿರ ಹೇಳಿಕೊಂಡಳು. ಆದರೆ ಇದೊಂದು ಸರಿಹೋದರೆ ನಾಳೆ ಇನ್ನೊಂದು ಬರುತ್ತದೆ. ಮೀಟರಿನ ಕಡ್ಡಿಗಳನ್ನು ಅಣ್ಣನ ಕೈಗೇ ಕೊಟ್ಟಳು.

ಮೊದಲ ದಿನ ಪೆಟ್ಟಿಗೆಯನ್ನು ಮುಟ್ಟಲೇ ಇಲ್ಲ. ಕಲಿಯುವವರ ಹಲಗೆಯೊಂದನ್ನು ಮುಂದಿಟ್ಟಳು: ಒಂದು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಎರಡು ಕಂಡೆನ್ಸರ್. ಇವೆಲ್ಲ ಅವನ ಕೈಯಲ್ಲಿ ಸಾವಿರಾರು ಸಲ ಓಡಾಡಿದ ಸಾಮಾನು. ಟ್ರಾನ್ಸಿಸ್ಟರಿನ ಮೂರು ಕಾಲಿಗೆ ಬೇಸ್, ಕಲೆಕ್ಟರ್, ಎಮಿಟರ್ ಅನ್ನುತ್ತಾರೆ ಎಂದೂ ಗೊತ್ತಿತ್ತು. ಯಾವ ಕಾಲಿನಲ್ಲಿ ಎಷ್ಟು ವೋಲ್ಟ್ ಇರಬೇಕು, ಯಾಕೆ ಇರಬೇಕು ಎಂದು ಮಾತ್ರ ಯಾರೂ ಹೇಳಿರಲಿಲ್ಲ, ಅವನೂ ಕೇಳಿರಲಿಲ್ಲ.

ಅವಳು ಅವನೆದುರು ಬಂದು ಕೂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದಳು. ಈ ಹಲಗೆಗೆ ಕೊಟ್ಟಿರುವುದು ಹನ್ನೆರಡು ವೋಲ್ಟ್. ಬೇಸಿನ ಪಕ್ಕದ ಎರಡು ರೆಸಿಸ್ಟರುಗಳು, ಒಂದು ನಲವತ್ತೇಳು ಕೆ, ಅಂದರೆ ನಲವತ್ತೇಳು ಸಾವಿರ ಓಮ್, ಇನ್ನೊಂದು ಹತ್ತು ಕೆ, ಆ ಹನ್ನೆರಡನ್ನು ಅಣ್ಣತಮ್ಮಂದಿರ ಹಾಗೆ ಪಾಲು ಮಾಡಿಕೊಳ್ಳುತ್ತವೆ. ಒಟ್ಟು ಐವತ್ತೇಳು ಪಾಲು, ಅದರಲ್ಲಿ ಬೇಸಿಗೆ ಹತ್ತು. ಅವನು ರಟ್ಟಿನ ಚೂರಿನ ಮೇಲೆ ಗುಣಿಸಿ ಭಾಗಿಸಿ ಎರಡು ಪಾಯಿಂಟ್ ಒಂದು ಎಂದು ಬರೆದ. ಮೀಟರು ಇಟ್ಟು ನೋಡಿದರೆ ಎರಡು ಪಾಯಿಂಟ್ ಒಂದೇ. ಅವನು ಕಡ್ಡಿ ತೆಗೆದು ಮತ್ತೊಮ್ಮೆ ಇಟ್ಟ.

ಎಮಿಟರ್ ಯಾವಾಗಲೂ ಬೇಸಿಗಿಂತ ಅರ್ಧ ವೋಲ್ಟು ಚಿಲ್ಲರೆ, ಅಂದರೆ ಪಾಯಿಂಟ್ ಆರು ವೋಲ್ಟ್, ಕೆಳಗಿರುತ್ತದೆ. ಆ ವ್ಯತ್ಯಾಸ ಸರಿಯಿದ್ದರೆ ಟ್ರಾನ್ಸಿಸ್ಟರು ಬದುಕಿದೆ ಅಂತ ಲೆಕ್ಕ, ಅದನ್ನು ಸುಮ್ಮನೆ ಕೀಳಲು ಹೋಗಬಾರದು. ಕಲೆಕ್ಟರಿನಲ್ಲಿ ಸುಮಾರು ಏಳು. ಅವನು ಅಳೆದ; ಏಳು ಚಿಲ್ಲರೆ.

ಏಳೇ ಯಾಕೆ, ಹನ್ನೆರಡೂ ಇದ್ದರೆ ಇನ್ನೂ ಜೋರಾಗುವುದಿಲ್ಲವೇ ಎಂದು ಕೇಳಿದ. ಇಪ್ಪತ್ತೆಂಟು ವರ್ಷ ಪಾಠ ಮಾಡಿದ್ದರಲ್ಲಿ ಈ ಪ್ರಶ್ನೆಯನ್ನು ತಾವಾಗಿಯೇ ಕೇಳಿದವರು ಬೆರಳೆಣಿಕೆಯಷ್ಟು ಎಂದಳು ತಂಗಿ. ಮಾತು ಅಂದರೆ ಮೇಲಕ್ಕೂ ಕೆಳಕ್ಕೂ ತೂಗಾಡುವ ವೋಲ್ಟೇಜು. ಕಲೆಕ್ಟರು ನಡುವಿನಲ್ಲಿದ್ದರೆ ಅದಕ್ಕೆ ಎರಡು ಕಡೆಗೂ ಜಾಗ. ಹನ್ನೆರಡರ ಹತ್ತಿರ ಹೋಗಿ ಕೂತರೆ ಮೇಲೆ ಸೂರು ತಗಲುತ್ತದೆ. ಎಮಿಟರಿಗೆ ಅಂಟಿಕೊಂಡರೆ ಕೆಳಗೆ ನೆಲ ತಗಲುತ್ತದೆ. ತಗ್ಗು ಸೂರಿನ ಮನೆಯಲ್ಲಿ ಎತ್ತರದವನು ನಡೆದಾಡಿದ ಹಾಗೆ, ಮಾತಿನ ನೆತ್ತಿ ಬಡಿದು ಚಪ್ಪಟೆಯಾಗುತ್ತದೆ.

ಮೇಸ್ತ್ರಿ ಬಹಳ ಹೊತ್ತು ಹಲಗೆಯನ್ನು ನೋಡಿದ. ಎಷ್ಟು ಸಾವಿರ ಸಲ ಆ ಒಡಕು ದನಿ ಕೇಳಿದ್ದನೋ. ಕೇಳಿದ ಕೂಡಲೇ ಗುರುತು ಹಿಡಿಯುತ್ತಿದ್ದ, ಏನೋ ಒಂದು ಸಾಮಾನು ಬದಲಾಯಿಸುತ್ತಿದ್ದ, ಸರಿಹೋಗುತ್ತಿತ್ತು. ಅದು ಏನೆಂದು ಗೊತ್ತಾದದ್ದು, ಕೇಳುವ ಕಿವಿ ಹೋದ ಮೇಲೆ. ಕಣ್ಣು ತುಂಬಿ ಬಂತು. ಬೆಸುಗೆ ಹೊಗೆ ಎಂದು ಹೇಳೋಣವೆಂದರೆ ಅಲ್ಲಿ ಯಾರೂ ಬೆಸುಗೆ ಹಾಕುತ್ತಿರಲಿಲ್ಲ. ತಂಗಿ ಎದ್ದು ಉಳಿದ ವೈರುಗಳನ್ನು ಮೊಳೆಗೆ ಹಾಕಲು ಹೋದಳು.

ಎರಡನೇ ದಿನ ಪೆಟ್ಟಿಗೆ ಬಿಚ್ಚಿದರು. ಒಳಗೆ ದನಿಯನ್ನು ದೊಡ್ಡದು ಮಾಡುವ ಮೊದಲ ಎರಡು ಹಂತಗಳೂ ಹೆಚ್ಚುಕಡಿಮೆ ಆ ಹಲಗೆಯ ಹಾಗೆಯೇ. ಮೊದಲ ಹಂತದಲ್ಲಿ ಎಲ್ಲ ಸರಿಯಿತ್ತು. ಎರಡನೆಯದರಲ್ಲಿ ಬೇಸ್ ಮೂರು ಪಾಯಿಂಟ್ ನಾಲ್ಕು, ಎಮಿಟರ್ ಎರಡು ಪಾಯಿಂಟ್ ಎಂಟು, ಕಲೆಕ್ಟರ್ ಬರೀ ಮೂರು. ಕಲೆಕ್ಟರಿಗೂ ಎಮಿಟರಿಗೂ ನಡುವೆ ಕೈ ಆಡಿಸುವಷ್ಟೂ ಜಾಗವಿರಲಿಲ್ಲ. ಅಭ್ಯಾಸ ಬಲ, ಟ್ರಾನ್ಸಿಸ್ಟರು ಹೋಗಿದೆ, ಬದಲಾಯಿಸಬೇಕು ಅಂದ ಮೇಸ್ತ್ರಿ.

ಬದಲಾಯಿಸಿ ಎಷ್ಟು ದಿನವಾಯಿತು ಎಂದು ಕೇಳಿದಳು ತಂಗಿ. ಹತ್ತು ದಿನ. ಬೇಸಿಗೂ ಎಮಿಟರಿಗೂ ವ್ಯತ್ಯಾಸ ಎಷ್ಟು? ಪಾಯಿಂಟ್ ಆರು. ಹಾಗಾದರೆ? ಟ್ರಾನ್ಸಿಸ್ಟರು ತನಗೆ ಹೇಳಿದ್ದನ್ನು ಮಾಡುತ್ತಿತ್ತು, ಅಷ್ಟೇ. ಎರಡು ಪಾಯಿಂಟ್ ಒಂದಿರಬೇಕಾದ ಬೇಸು ಮೂರು ಪಾಯಿಂಟ್ ನಾಲ್ಕಕ್ಕೆ ಏರಿದೆ. ಏರಿಸಿದವರು ಯಾರು? ಪಾಲು ಮಾಡುವ ರೆಸಿಸ್ಟರುಗಳನ್ನು ಒಂದೊಂದೇ ಕಾಲು ಎತ್ತಿ ಅಳೆದ. ಎರಡೂ ಸರಿಯಿದ್ದವು. ಐದು ಗಂಟೆಗೆ ಕಾವಲುಗಾರ ಬೀಗದ ಕೈ ಅಲ್ಲಾಡಿಸುತ್ತಾ ಬಂದ. ತಂಗಿಗೆ ಉತ್ತರ ಗೊತ್ತಿತ್ತು, ಅವಳ ಮುಖದಲ್ಲೇ ಕಾಣುತ್ತಿತ್ತು. ಅವಳು ಹೇಳಲಿಲ್ಲ, ಅವನೂ ಕೇಳಲಿಲ್ಲ.

ಮರುದಿನ ಬೆಳಗ್ಗೆ ಅಂಗಡಿಯಲ್ಲಿ ಒಬ್ಬನೇ ಕೂತು, ಬೇಸಿಗೆ ಸೇರುವ ಒಂದೊಂದೇ ದಾರಿಯನ್ನು ಬೆರಳಿನಿಂದ ಹಿಡಿದು ಹೋದ. ಎರಡು ದಾರಿ ರೆಸಿಸ್ಟರುಗಳಿಂದ. ಮೂರನೆಯದು ಹಿಂದಿನ ಹಂತದಿಂದ ಮಾತು ತರುವ ಕಂಡೆನ್ಸರು. ಅದು ಮಾತನ್ನು ಬಿಡಬೇಕು, ವೋಲ್ಟೇಜನ್ನು ತಡೆಯಬೇಕು. ಅದರ ಕೆಲಸವೇ ಅದು. ಅದರಾಚೆ ಹಿಂದಿನ ಕಲೆಕ್ಟರಿನ ಏಳು ವೋಲ್ಟು ಕಾದು ನಿಂತಿದೆ. ಕಂಡೆನ್ಸರಿನ ಒಂದು ಕಾಲು ಬಿಡಿಸಿ ಬೇಸಿಗೆ ಮೀಟರು ಇಟ್ಟ. ಎರಡು ಪಾಯಿಂಟ್ ಒಂದು. ಕಲೆಕ್ಟರಿಗೆ ಇಟ್ಟ. ಏಳು ಚಿಲ್ಲರೆ.

ಹಿಗ್ಗು ಒಂದು ನಿಮಿಷವೂ ಉಳಿಯಲಿಲ್ಲ. ಸೋರುತ್ತಿದ್ದ ಆ ಕಂಡೆನ್ಸರನ್ನು ಬೆಳಕಿಗೆ ಹಿಡಿದು ನೋಡಿದ. ಅದರ ಕಾಲುಗಳಿಗೆ ಹಳೇ ಬೆಸುಗೆಯ ಗುರುತಿತ್ತು. ಮೊದಲ ಸಲ ದನಿ ಸಣ್ಣದಾಗಿದೆ ಎಂದು ಪೆಟ್ಟಿಗೆ ಬಂದಾಗ ಅವನೇ ಹಾಕಿದ್ದು ಅದು. ಹೊಸತು ಮುಗಿದಿತ್ತು, ಯಾವುದೋ ಕೆಟ್ಟ ರೇಡಿಯೋದಿಂದ ಕಿತ್ತಿಟ್ಟಿದ್ದನ್ನು ಡಬ್ಬಿಯಿಂದ ಹುಡುಕಿ ಹಾಕಿದ್ದ. ಹಾಕಿ, ಕೇಳಿ, ಚೆನ್ನಾಗಿದೆ ಎಂದು ಕಳಿಸಿದ್ದ. ಮೊದಲಿನ ಕಿವಿಯಿದ್ದಿದ್ದರೆ ಅರ್ಧ ಮಾತಿಗೇ ಗೊತ್ತಾಗುತ್ತಿತ್ತು. ಮೈಕಮ್ಮನ ಗಂಟಲು, ಏಳನೇ ಅಂಕಣದ ಮುದುಕಿಯ ಒಂದು ಗಂಟೆ, ಎಲ್ಲ ಆ ಡಬ್ಬಿಯಿಂದ ಬಂದದ್ದು. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಅವನು ಸ್ಪೀಕರಿನ ಮೇಲೆ ತಪ್ಪು ಹೊರಿಸಿದ್ದ.

ಹೊಸ ಕಂಡೆನ್ಸರ್ ತಂದು ಹಾಕಿ, ಎಲ್ಲ ಕಾಲುಗಳನ್ನೂ ಅಳೆದು ಬರೆದುಕೊಂಡ. ಪೆಟ್ಟಿಗೆಯನ್ನು ಒಂದು ಗಂಟೆ ಚಾಲೂ ಇಟ್ಟು ಮತ್ತೆ ಅಳೆದ. ಆಮೇಲೆ ತಾನೇ ಹೊತ್ತುಕೊಂಡು ನಿಲ್ದಾಣಕ್ಕೆ ಹೋದ.

ಮೈಕಮ್ಮನ ಕೋಣೆ ಗಾಜಿನ ಕಿಟಕಿಯ ಒಂದು ಗೂಡು. ಒಂದು ಕುರ್ಚಿ, ಗೋಡೆಗೆ ಬಸ್ಸುಗಳ ಪಟ್ಟಿ, ಮೂಲೆಯಲ್ಲಿ ನೀರಿನ ಹೂಜಿ. ಅವಳು ಆಗಷ್ಟೇ ಎಲ್ಲೋ ಕೂಗಿ ಬಂದು ನೀರು ಕುಡಿಯುತ್ತಿದ್ದಳು. ಮೇಸ್ತ್ರಿ ಪೆಟ್ಟಿಗೆ ಇಳಿಸಿ, ವೈರು ಸೇರಿಸುವ ಮೊದಲೇ ಹೇಳಿದ.

"ಕೆಡಿಸಿದ್ದು ನಾನೇ ಅಮ್ಮ. ಹಳೇ ಸಾಮಾನು ಹಾಕಿದ್ದೆ. ನಿಮ್ಮ ದನಿ ಒಡೆದಿದ್ದು ನನಗೆ ಕೇಳಿಸ್ಲೇ ಇಲ್ಲ. ನನಗೆ ಕಿವಿ ಕೇಳಲ್ಲ."

ಅವಳು ಲೋಟ ಕೆಳಗಿಟ್ಟಳು. ಸಿಟ್ಟು ಬಂದಿರಬೇಕು, ಬಂದರೂ ತಪ್ಪೇನಿಲ್ಲ. ಅದಕ್ಕೇ ಅವತ್ತು ನಾನು ಕೇಳಿದ್ದು ಎಂದು ಹೇಳಿದಳು. ಅವತ್ತೇ ಹೇಳಿದ್ದರೆ ಬೇರೆ ಕಡೆ ಕೊಂಡುಹೋಗುತ್ತಿದ್ದೆ ಎಂದಳು. ಅವನು ಹೌದು ಅಂದ. ಆಮೇಲೆ ಅವಳೇ ವೈರುಗಳನ್ನು ಅವನ ಕಡೆ ಸರಿಸಿದಳು.

ಮೈಕು ಹಿಡಿದು ಮೂರು ಗಂಟೆಯ ಬಸ್ಸು ಆರನೇ ಅಂಕಣಕ್ಕೆ ಬರುತ್ತದೆ ಎಂದು ಹೇಳಿದಳು. ಮೇಸ್ತ್ರಿಗೆ ಕೇಳಿಸಿದ್ದು ನಿಲ್ದಾಣದ ಸೂರಿನ ಕೆಳಗೆ ತಿರುಗಾಡುವ ಒಂದು ದಪ್ಪ ಗದ್ದಲ ಮಾತ್ರ. ಅವನು ಗಾಜಿನಾಚೆ ನೋಡಿದ. ಬೆಂಚುಗಳ ಮೇಲೆ ತೂಕಡಿಸುತ್ತಿದ್ದವರು ತಲೆ ಎತ್ತಿದರು. ಒಬ್ಬಳು ಮಗುವನ್ನು ಎತ್ತಿಕೊಂಡಳು. ಟ್ರಂಕು ಇಟ್ಟುಕೊಂಡಿದ್ದವನು ಟ್ರಂಕು ಎತ್ತಿದ, ಇಬ್ಬರು ಮುದುಕರು ಒಬ್ಬರ ಭುಜ ಒಬ್ಬರು ಹಿಡಿದುಕೊಂಡರು. ಎಲ್ಲರೂ ಯಾರನ್ನೂ ಏನೂ ಕೇಳದೆ ಆರನೆಯ ಅಂಕಣದ ಕಡೆ ನಡೆದರು.

ಮೈಕಮ್ಮ ಎರಡನೇ ಸಲ ಹೇಳಬೇಕಾಗಲಿಲ್ಲ. ಸರಿಯಾಯ್ತು ಎಂದು ಕೈಯಲ್ಲೇ ತೋರಿಸಿ, ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. ಮುಂದಿನ ಬಸ್ಸಿಗೆ ಇನ್ನೂ ಹನ್ನೆರಡು ನಿಮಿಷವಿತ್ತು.

ವಿಷಯ ಊರಿಗೆಲ್ಲ ಹಬ್ಬಲು ಎರಡು ದಿನ ಹಿಡಿಯಿತು. ಕೆಲವು ಗಿರಾಕಿಗಳು ಬರುವುದು ಬಿಟ್ಟರು. ಬಂದವರ ಸಾಮಾನನ್ನು ಮೇಸ್ತ್ರಿ ಮೊದಲಿಗಿಂತ ಎರಡು ಪಟ್ಟು ಹೊತ್ತು ಇಟ್ಟುಕೊಳ್ಳುತ್ತಿದ್ದ; ಅಳೆದು, ಬರೆದು, ಲೆಕ್ಕ ಹಾಕಿ, ಆಮೇಲೆ ಬೆಸುಗೆ. ಕೊನೆಗೆ ಗಿರಾಕಿಯನ್ನೇ ಕೂರಿಸಿ, ಕೇಳಿ ಹೇಳಿ ಅನ್ನುತ್ತಿದ್ದ. ಕೆಲಸ ಸುಲಭವಾಗಲಿಲ್ಲ. ಆದರೆ ಜನರ ಮುಖ ನೋಡಿ ಸುಳ್ಳು ಹೂಂಗುಟ್ಟುವುದು ತಪ್ಪಿತು, ಸಂಜೆಯ ದಣಿವು ಸ್ವಲ್ಪ ಬೇರೆ ಬಗೆಯದಾಯಿತು. ಡಾಕ್ಟರು ಹೇಳಿದ ಯಂತ್ರವನ್ನೂ ಹೆಂಡತಿ ಹಾಕಿಸಿದಳು. ಪಾತ್ರೆ ಬಿದ್ದರೆ ಬಾಂಬು ಬಿದ್ದ ಹಾಗೆ ಕೇಳುತ್ತದೆ ಎಂದು ಅವನು ಗೊಣಗುತ್ತಿದ್ದ.

ತಂಗಿ ಒಂದು ರಜೆಯ ದಿನ ಅಂಗಡಿಗೆ ಬಂದಳು. ಮೆಟ್ಟಿಲು ಹತ್ತಿದ ಕಾಲು ನೋಯುತ್ತಿತ್ತು. ಅವನ ಸ್ಟೂಲನ್ನೇ ಎಳೆದುಕೊಂಡು ಕೂತಳು. ಮೇಜಿನ ಮೇಲೆ ಬಿಚ್ಚಿಟ್ಟಿದ್ದ ರೇಡಿಯೋ, ಪಕ್ಕದ ರಟ್ಟಿನ ಮೇಲೆ ಅವನು ಬರೆದಿದ್ದ ಅಂಕಿ, ಎರಡನ್ನೂ ನೋಡಿದಳು. ಅವತ್ತು ಜನರ ಎದುರು ಹಾಗೆ ಹೇಳಬಾರದಿತ್ತು ನಾನು ಅಂದಳು. ಎದುರೆದುರೇ ಹೇಳಿದ್ದರಿಂದ ಅವನಿಗೆ ಪೂರ್ತಿ ತಿಳಿಯಿತು.

"ಹೇಳಿದ್ದು ಸರಿಯೇ ಇತ್ತು," ಅಂದ ಅವನು. ಬೆವರಿನ ಮಾತಿನ ಬಗ್ಗೆಯೂ ಏನಾದರೂ ಹೇಳಬೇಕಿತ್ತು. "ಓದಿದ್ದು ನೀನು. ನಿನ್ನ ಬೆವರೇ ಅದು."

ಅವಳು ರಟ್ಟನ್ನು ಹತ್ತಿರಕ್ಕೆ ಎಳೆದುಕೊಂಡು ಕನ್ನಡಕ ಹಾಕಿಕೊಂಡಳು. ಎಮಿಟರಿನ ಅಂಕಿಯ ಮೇಲೆ ಬೆರಳಿಟ್ಟು, ಇದೊಂದನ್ನು ಇನ್ನೊಂದು ಸಲ ಅಳೆದು ನೋಡು ಅಂದಳು. ಅವನು ಮೀಟರು ತೆಗೆದುಕೊಂಡ.